ಮುಚ್ಚಿದ ಹೂ

ಮೇಲಿನಿಂದ ಆದೇಶ ಬಂದದ್ದು ಮೊಬೈಲಿಗೆ:
ವಸಂತದ ಚಟುವಟಿಕೆ, ಕಾಗದದ ಹೂ,
ಮಗುವಿಗೊಂದರಂತೆ. ಹನ್ನೆರಡರೊಳಗೆ ಫೋಟೊ.
ಬಣ್ಣದ ಹಾಳೆಯ ಮಾತು ಆದೇಶದಲ್ಲಿರಲಿಲ್ಲ.

ಬಾಣಾವರದ ನಮ್ಮ ಅಂಗನವಾಡಿಯ ಅಂಗಳದಲ್ಲಿ
ಹೊಂಗೆ ಮರ ಬೆಳಗಿನಿಂದ ಸುರಿಯುತ್ತಲೇ ಇದೆ,
ಯಾರೋ ಮೇಲೆ ಕೂತು ಅರಳು ಹುರಿಯುತ್ತ
ಬಾಣಲೆಯನ್ನೇ ಮಗುಚಿದ ಹಾಗೆ.
ಹೊನ್ನಮ್ಮ ಗುಡಿಸುತ್ತಾಳೆ, ತಿರುಗಿ ನೋಡುತ್ತಾಳೆ,
ಗುಡಿಸಿದ್ದು ಎಲ್ಲಿ ಎಂದು ಅವಳಿಗೇ ಗೊತ್ತಾಗುವುದಿಲ್ಲ.
"ಇಷ್ಟು ಹೂ ಬಿದ್ದಿರುವಾಗ
ಪೇಪರಿಂದು ಯಾತಕ್ಕವ್ವಾ?" ಎಂದಳು.
ನನಗೂ ತಿಳಿದಿರಲಿಲ್ಲ. ಕತ್ತರಿ ಹುಡುಕುತ್ತಿದ್ದೆ.

ಕತ್ತರಿ ಒಂದೇ, ಅದೂ ಮೊಂಡು.
ಕಾಗದವೆಂದರೆ ಹೋದ ವರ್ಷದ ಕ್ಯಾಲೆಂಡರು,
ಸೊಸೈಟಿಯವರು ಕೊಟ್ಟದ್ದು, ಮೊಳೆಯ ತೂತಿನ ಸಮೇತ.
ಅಂಟಿಗೆ, ಒಲೆಯ ಮೇಲಿನ ಅನ್ನದ ಅಗುಳು.
ತೊಟ್ಟಿಗೆ, ಹೊನ್ನಮ್ಮನ ಪೊರಕೆಯಿಂದ
ಅವಳು ಬೈಯುತ್ತಿರುವಾಗಲೇ ಕಿತ್ತ ಹದಿನಾಲ್ಕು ಕಡ್ಡಿ.

ಚೌಕ ಮಡಿಸಿ, ಮತ್ತೆ ಮಡಿಸಿ,
ಮಡಿಕೆಯನ್ನು ಉಗುರಿನಿಂದ ತೀಡಿ,
ತುದಿಯನ್ನು ದುಂಡಗೆ ಕತ್ತರಿಸಿ ಬಿಡಿಸಿದರೆ
ಎಂಟೆಸಳು. ಕೆಲವರಿಗೆ ಐದು.
ಇಂಪನಳಿಗೆ ಒಂದೂವರೆ,
ಉಳಿದದ್ದು ಅವಳ ಬಾಯಲ್ಲಿತ್ತು.
ಫೈಜಾನನ ಹೂವಿನ ನಡುವೆ
ಕೆಂಪಕ್ಷರದಲ್ಲಿ ಸಾರ್ವತ್ರಿಕ ರಜೆ.
ಯಾರದೋ ಎಸಳಲ್ಲಿ ರಾಹುಕಾಲ.

ಎಲ್ಲರೂ ಸಾಲಾಗಿ ಹೂ ಹಿಡಿದು ನಿಂತಾಗ
ಚರಿತ ಮಾತ್ರ ಮೂಲೆಯಲ್ಲಿ ಕೂತು
ತನ್ನ ಎಸಳುಗಳನ್ನು ಒಂದೊಂದಾಗಿ
ಒಳಕ್ಕೆ ಮಡಚುತ್ತಿದ್ದ.
ಅವನಮ್ಮ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಆರಿಸುವವಳು;
ಅವಳವೇ ಬೆರಳು, ಅವಸರವಿಲ್ಲ.
"ಬಿಚ್ಚೋ, ಫೋಟೊ ತೆಗೀಬೇಕು."
"ಬಿಚ್ಚಾಕಿಲ್ಲ ಮಿಸ್. ಹಬ್ಬ ಇನ್ನೂ ಬಂದಿಲ್ಲ.
ಈಗ್ಲೇ ಅಳ್ಳಿದ್ರೆ ಬಾಡೋಗ್ತದೆ."

ನಾಲ್ಕು ವರ್ಷದವನ ಜೊತೆ
ಎಷ್ಟು ಹೊತ್ತು ವಾದಿಸಬಹುದು? ನಾನು ವಾದಿಸಿದೆ.
ಶೇಂಗಾ ಚಿಕ್ಕಿಯ ಆಸೆ ತೋರಿಸಿದೆ.
ಚಿಕ್ಕಿ ತಿಂದ. ಹೂ ಬಿಚ್ಚಲಿಲ್ಲ.
ಹದಿಮೂರರ ಫೋಟೊ ಹೋಯಿತು.

ಊಟಕ್ಕೆ ಮುಂಚೆ ಕೈ ತೊಳೆಯುವ ಸಾಲು.
ಅಗಲ ಬೇಸಿನ್ನಿನ ಮೇಲೆ ಅವನು ಬಗ್ಗಿದಾಗ
ಅಂಗಿ ಜೇಬಿನಿಂದ ಮೊಗ್ಗು ಜಾರಿ ನೀರಿಗೆ.
ಅಳುತ್ತಾನೆಂದುಕೊಂಡೆ. ಅವನು ಉಸಿರು ಹಿಡಿದ.
ನೀರು ಕುಡಿದ ಕಾಗದ ಒಂದೆಸಳು ಎತ್ತಿತು,
ಮಲಗಿದ್ದವರು ಮಗ್ಗುಲು ಬದಲಿಸುವ ಹಾಗೆ.
ಆಮೇಲೆ ಇನ್ನೊಂದು.
ಯಾರೂ ಮುಟ್ಟಲಿಲ್ಲ, ಗಾಳಿಯೂ ಇರಲಿಲ್ಲ.
ಎಂಟೂ ಬಿಚ್ಚಿ ಅಗಲವಾಗಿ ಕೂತಾಗ
ಹೊನ್ನಮ್ಮನ ಕೈಯ ಸೌಟು
ಅನ್ನದ ಮೇಲೆ ಹಾಗೇ ನಿಂತಿತ್ತು.

ಸಾಲು ಮುರಿಯಿತು. ಕೂಸುಗಳೆಲ್ಲ
ತೊಟ್ಟು ಕಿತ್ತೆಸೆದು ಎಸಳು ಮಡಚಿದವು.
ಬೇಸಿನ್ ತುಂಬ ಹೋದ ವರ್ಷ ತೇಲಿತು:
ಸೋಮವಾರ, ಹುಣ್ಣಿಮೆ, ರಜೆ, ರಾಹುಕಾಲ.
ಇಂಪನ ತನ್ನದನ್ನೂ ಮಡಚಿ ಬಿಟ್ಟಳು;
ಅದೂ ಅರಳಿತು, ಒಂದೂವರೆಯಷ್ಟು.
ಯಾರೋ ಒಂದು ಹಿಡಿ ಹೊಂಗೆ ಹೂ ಎಸೆದರು.
ಅದು ಆಗಲೇ ಅರಳಿದ್ದರಿಂದ
ಯಾರೂ ಅದನ್ನು ನೋಡಲಿಲ್ಲ.
ಅನ್ನ ಆರಿತು.

ಎರಡು ಗಂಟೆಗೆ ಸೂಪರ್‌ವೈಸರ್ ಫೋನು:
"ಹಾಜರಿ ಹದಿನಾಲ್ಕು, ಹೂ ಹದಿಮೂರು. ಯಾಕೆ?"
"ಒಂದು ಆಗಿನ್ನೂ ಅರಳಿರಲಿಲ್ಲ ಮೇಡಂ" ಎಂದೆ.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ, ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟರು.

ಒದ್ದೆ ಹೂಗಳನ್ನು ಕಿಟಕಿ ಕಟ್ಟೆಯ ಮೇಲೆ ಹರವಿದ್ದೆ.
ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಚರಿತ
ಒಣಗಿ ಅಂಚು ಮುದುರಿದ ತನ್ನದನ್ನು ಆಯ್ದು,
ಅಂಗೈಯಲ್ಲಿಟ್ಟು ತೋರಿಸಿದ:
"ಮಿಸ್, ಇದುಕ್ಕೆ ಮತ್ತೆ ಬಾಯಾರ್ಕೆ ಆಗೈತೆ."
ಇನ್ನೊಂದು ಕೈಯಲ್ಲಿ, ಮನೆಯಿಂದಲೇ ತಂದ
ಒಂದು ಕರಟ ನೀರು.
ರೈಲ್ವೆ ಗೇಟು ದಾಟುವಾಗ ಎಷ್ಟು ಚೆಲ್ಲಿತೋ,
ಅಂಗಿಯ ಮುಂಭಾಗವೆಲ್ಲ ಒದ್ದೆ.