ಕಾಯುವುದು

ರಾತ್ರಿ ಯಾವಾಗಲೋ ಗ್ಯಾರೇಜಿನ ಗೋಡೆಯ ಸ್ವಿಚ್ಚು
ತಾನೇ ಬಿದ್ದುಬಿಟ್ಟಿದೆ. ಇಂಜಿನ್ನಿಗೆ ಹೊದಿಸಿದ್ದ ಕರೆಂಟು
ಎರಡಕ್ಕೋ ಮೂರಕ್ಕೋ ಕಾಲು ಕಿತ್ತಿದೆ.
ಊರ ಹೆಸರೇ ಥೀಫ್ ರಿವರ್ ಫಾಲ್ಸ್, ಕಳ್ಳಹೊಳೆ.
ಇಲ್ಲಿ ಕಾವು ಕದಿಯಲು ಬೀಗ ಮುರಿಯಬೇಕಿಲ್ಲ.

ಬಾನೆಟ್ಟಿನಡಿಯಿಂದ ಜೋತ ಹಳದಿ ವೈರು
ಬಿದಿರ ಕೋಲಿನಂತೆ ಸೆಟೆದುಕೊಂಡಿದೆ.
ಸೊನ್ನೆಯ ಕೆಳಗೆ ಮೂವತ್ತೊಂದು.
ಉಸಿರೆಳೆದರೆ ಮೂಗಿನ ಕೂದಲು ಚಿಟಿಚಿಟಿ.
ದಾರಿಯುದ್ದ ಹನ್ನೊಂದು ಡೇರಿಗಳಲ್ಲಿ ಹಾಲು ಕಾಯುತ್ತಿದೆ.
ಫ್ರಿಜ್ಜಿನ ತೊಟ್ಟಿಯಲ್ಲಿ, ಮೂರು ಡಿಗ್ರಿಯಲ್ಲಿ;
ಇವತ್ತು ಈ ಜಿಲ್ಲೆಯಲ್ಲಿ ಅದೇ ಬೆಚ್ಚನೆಯ ಜಾಗ.

ಆರ್ವಿಡ್ ಬಂದ, ನೈಟ್‌ಗೌನಿನ ಮೇಲೆ ಕೋಟು,
ಎಡಗೈಯಲ್ಲಿ ಈಥರ್ ಡಬ್ಬಿ.
ಬಲಗೈ ಆಗಸ್ಟಿನಿಂದ ಜೇಬಿನಲ್ಲೇ ಮಲಗಿದೆ.
ಮೂವತ್ತಾರು ಚಳಿಗಾಲ ಈ ದಾರಿ ಓಡಿಸಿದವನು.
ಅವನ ಕಾಲದ ಲಾರಿ, ಮೂಗಿಗೆ ಒಂದು ಪಿಚಕಾರಿ ಹೊಡೆದರೆ
ಸೀನಿ, ಬೈದು, ಎದ್ದು ಕೂರುತ್ತಿತ್ತಂತೆ.
ಬೇಡ ಆರ್ವಿಡ್, ಎಂದೆ. ಇದರ ಗಂಟಲಲ್ಲೇ ಕೆಂಡವಿದೆ.
ಇದು ಸೀನುವುದಿಲ್ಲ, ಸಿಡಿಯುತ್ತೆ.

ಅವನ ತುಟಿಯ ಎಡಮೂಲೆಯಲ್ಲಿ ಒಂದು ಶಬ್ದ
ಮೊಣಕಾಲೂರಿ ಏಳಲು ನೋಡಿತು. ಅ... ಅದು...
ಆಸ್ಪತ್ರೆಯ ಹುಡುಗಿ ಹೇಳಿದ್ದಳು:
ಅವರ ಮಾತನ್ನು ನೀವು ಮುಗಿಸಿಕೊಡಬೇಡಿ.
ಎಷ್ಟು ಸಲ ಮುಗಿಸಿಕೊಟ್ಟಿದ್ದೇನೆ, ದೇವರೇ,
ಕಾಫಿ ಬೇಕೇ ಕಂಬಳಿ ಬೇಕೇ ಎಂದು,
ಅವನು ಹಿಮದ ಬಗ್ಗೆ ಹೇಳಲು ಹೊರಟಾಗೆಲ್ಲ.

ಕೀಲಿಯನ್ನು ಅರ್ಧ ತಿರುವಿದೆ.
ಡ್ಯಾಶಿನಲ್ಲಿ ಹಳದಿ ಸುರುಳಿ ಹೊತ್ತಿತು,
ಬೀದರಿನ ಹಾಸ್ಟೆಲಿನಲ್ಲಿ ವಾರ್ಡನ್ನಿನ ಕಣ್ಣು ತಪ್ಪಿಸಿ
ಬಕೆಟ್ಟಿಗೆ ಇಳಿಬಿಡುತ್ತಿದ್ದ ಕಾಯಿಲ್‌ನ ಚಿತ್ರದಂತೆ.
ಇದು ಹೇಳುವುದು ಒಂದೇ ಮಾತು: ಕಾಯಿ.
ಗಾಳಿ ಒಳಬರುವ ಬಾಯಲ್ಲಿ ತಂತಿ ಕಾಯುತ್ತದೆ,
ಸೀಟಿನ ಮೇಲೆ ನಾನು ಕಾಯುತ್ತೇನೆ.
ನನ್ನ ಭಾಷೆಯಲ್ಲಿ ಇವೆರಡೂ ಒಂದೇ ಕೆಲಸ;
ಬಾಗಿಲಲ್ಲಿ ನಿಂತು ಮನೆ ನೋಡಿಕೊಳ್ಳುವುದೂ ಅದೇ.
ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಸಂಬಳ.

ದೀಪ ಆರಿತು. ಎತ್ತಲಿಲ್ಲ.
ಕೀಲಿ ಹಿಂದಕ್ಕೆ, ಮತ್ತೆ ಮುಂದಕ್ಕೆ.
ಮತ್ತೆ ಸುರುಳಿ. ಮತ್ತೆ ಕತ್ತಲು.
ಇರುವ ಎರಡು ಬ್ಯಾಟರಿಯಲ್ಲಿ ಮೂರನೆಯ ಸಲಕ್ಕಷ್ಟೇ ಜೀವ.
ಆಮೇಲೆ ಕೊನೆತನಕ ತಿರುವಿದೆ:
ಗರ್ರ್. ಗ. ಗರ್ರ್.
ಎಣ್ಣೆಯಲ್ಲ, ಜೋನಿಬೆಲ್ಲ ಕಡೆಯುತ್ತಿದ್ದಂತೆ.
ಹೆಡ್‌ಲೈಟು ಮಂಕಾಯಿತು. ನನ್ನ ಹೊಟ್ಟೆಯೂ.
ಒಂದು ಸಿಲಿಂಡರ್ ಕೆಮ್ಮಿತು.
ಅದನ್ನು ಕೇಳಿ ಇನ್ನೊಂದು.
ಆಮೇಲೆ ಎಲ್ಲಾ ಆರೂ, ಒಬ್ಬರ ಕಾಲು ಒಬ್ಬರು ತುಳಿಯುತ್ತ;
ಬಿಳಿ ಹೊಗೆ ಗ್ಯಾರೇಜಿನ ಮಾಡಿಗೆ ತಾಗಿ
ಆರ್ವಿಡ್‌ನ ತಲೆಯ ಮೇಲೆ ಇಳಿಯಿತು.
ಅವನು ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡ.

ಪರದೆ ದೂರು ಶುರುಮಾಡಿತು:
ಹೊಗೆ ತೊಳೆಯುವ ನೀರು ಗಡ್ಡೆಯಾಗಿದೆ.
ಗೊತ್ತು ಮಾರಾಯ, ಕರಗುತ್ತೆ, ಬಾಯಿ ಮುಚ್ಚು.
ಎಣ್ಣೆಯ ಮುಳ್ಳು ನಿಂತಲ್ಲಿ ನಿಲ್ಲುವ ತನಕ
ಗೇರಿನ ಮೇಲೆ ಕೈಯಿಟ್ಟುಕೊಂಡು ಕೂತೆ.

ಹೊರಟಾಗ ಟೈರುಗಳು ಚೌಕ.
ರಾತ್ರಿಯೆಲ್ಲ ನಿಂತ ಕಡೆ ಚಪ್ಪಟೆಯಾಗಿ ಮರಗಟ್ಟಿ
ಅಂಗಳದಲ್ಲಿ ದಡಕ್ ದಡಕ್,
ಎತ್ತಿನ ಬಂಡಿಗೂ ಇಷ್ಟು ಸೊಂಟನೋವಿಲ್ಲ.
ಒಂದು ಮೈಲಿ ಹೋದರೆ ದುಂಡಗಾಗುತ್ತವೆ.

ಕನ್ನಡಿಯಲ್ಲಿ ನೋಡಿದೆ. ಅವನು ಡಬ್ಬಿ ಎತ್ತಿ ಹಿಡಿದು
ಇನ್ನೂ ನಿಂತಿದ್ದ. ಬಾಯಿ ಇನ್ನೂ ಆಡುತ್ತಿತ್ತು.
ಆಗಿನ ಆ ವಾಕ್ಯವೇ.

ಹಾಲು ಕಾಯಲಿ.
ಬ್ರೇಕು ಒತ್ತಿ ಗಾಜು ಇಳಿಸಿದೆ; ಅರ್ಧಕ್ಕೇ ಸಿಕ್ಕಿಕೊಂಡಿತು.
ಚಳಿ ಮೊದಲು ಒಳಬಂತು,
ಆಮೇಲೆ, ತುಂಡು ತುಂಡಾಗಿ,
ಸೇತುವೆಯ ಮೇಲಿನ ಕಪ್ಪು ಮಂಜಿನ ಬಗ್ಗೆ, ಅವನು.