ಖರೀದಿ ಬೆಲೆ: ಸೊನ್ನೆ

ಸಿದ್ದಾಪುರದ ಬ್ಯಾಂಕಿನವರು ಕಟ್ಟಡ ಬದಲಿಸುವಾಗ
ಗುಜರಿಗೆಂದು ಹೊರಗಿಟ್ಟ ನಾಲ್ಕರಲ್ಲಿ
ಒಂದಕ್ಕಿನ್ನೂ ಉಸಿರಿತ್ತು.
ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ,
ಸೊಸೈಟಿಯ ಹಿಂಕೋಣೆಗೆ, ಕರಿಮೆಣಸಿನ ಮೂಟೆಗಳ ಪಕ್ಕಕ್ಕೆ.

ಶಂಶೀರ್ ಸ್ಕ್ರೂ ಬಿಚ್ಚಿದ.
ಒಳಗೆ ಬೆರಳು ದಪ್ಪ ದೂಳು, ಸತ್ತ ಇರುವೆಗಳ ಒಂದು ಸಾಲು,
ಫ್ಯಾನಿನ ಸಂದಿಯಲ್ಲಿ ಹಲ್ಲಿಯ ಎರಡು ಮೊಟ್ಟೆ.
'ಒಂದು ಜಿಬಿ. ನಾವು ಹಾಕುವುದಕ್ಕೆ ಧಾರಾಳ' ಎಂದ.
ಮೊಟ್ಟೆಗಳನ್ನು ಬೆಂಕಿಪೊಟ್ಟಣದಲ್ಲಿಟ್ಟು
ಕಿಟಕಿಯ ಮೇಲೆ ಏರಿಸಿದ.

ಪೆನ್‌ಡ್ರೈವಿನಿಂದ ಇಳಿಯಲು ಇಪ್ಪತ್ತು ನಿಮಿಷ.
ಬಣ್ಣವಿಲ್ಲ, ಚಿತ್ರವಿಲ್ಲ, ಬಾಣದ ಗುರುತೂ ಇಲ್ಲ;
ಕಪ್ಪು ಹಲಗೆ, ಬಿಳಿ ಅಕ್ಷರ, ಮಿಟುಕುವ ಒಂದು ಗೆರೆ
ಒಂದನೇ ಕ್ಲಾಸಿನ ಮೇಷ್ಟರಂತೆ ಕೇಳಿತು:
ಹೆಸರೇನು?

ಕೂಸಪ್ಪ, ಎಂದು ಒತ್ತಿದೆ.
ಮೂವತ್ತಾರು ವರ್ಷ ಇಲ್ಲಿ ತಕ್ಕಡಿ ಹಿಡಿದವರು,
ನಿವೃತ್ತರಾದರೂ ದಿನಾ ಹತ್ತಕ್ಕೆ ಬಂದು ಬೆಂಚಿನಲ್ಲಿ ಕೂರುವವರು.
'ನನ್ನ ಹೆಸರು ಯಾಕೆ?'
ನೀವೂ ಹಳಬರು, ಕಮ್ಮಿ ತಿನ್ನುವವರು,
ಕೇಳದೆ ಮಾತಾಡುವವರಲ್ಲ ಅಂದೆ.
ನಗಲಿಲ್ಲ. ಮರುದಿನ ಒಂದು ಗೋಣಿಚೀಲ ತಂದರು.

ಚೀಲದಲ್ಲಿ ಮಳೆ ಇತ್ತು.
ಎಂಬತ್ತೊಂದರಿಂದ ಈಚೆಯ ಮಳೆಯೆಲ್ಲ,
ಡೈರಿಯಲ್ಲಿ, ಕ್ಯಾಲೆಂಡರಿನ ಬೆನ್ನಲ್ಲಿ, ಬೀಡಿಕಟ್ಟಿನ ಕಾಗದದಲ್ಲಿ,
ಇಂಚು ಎಷ್ಟು, ಸೆಂಟು ಎಷ್ಟು.
ಊಟದ ಬಿಡುವಿನಲ್ಲಿ ಒಂದೊಂದೇ ಒತ್ತಿದೆ, ಎರಡು ಬೇಸಗೆ.
ಎಂಬತ್ತೇಳರ ಮಾರ್ಚಿ ಹನ್ನೊಂದಕ್ಕೆ ಅಂಕಿ ಇಲ್ಲ,
'ಮಗು ಹುಟ್ಟಿ ಹೋಯಿತು' ಎಂದಷ್ಟೇ.
ಅದನ್ನೂ ಬರೆದೆ, ಮುಂದೊಂದು ಹ್ಯಾಶ್ ಗುರುತು ಇಟ್ಟು.
ಹಾಗೆ ಇಟ್ಟರೆ ಯಂತ್ರ ಆ ಸಾಲನ್ನು ಓದದೆ ದಾಟುತ್ತದೆ,
ಅಳಿಸುವುದಿಲ್ಲ.

ಆಡಿಟರು ಸ್ವತ್ತಿನ ಪಟ್ಟಿಗೆ ಬೆರಳಿಟ್ಟರು.
ಸಾಫ್ಟ್‌ವೇರಿನ ಬಿಲ್ ಎಲ್ಲಿ?
ಇಲ್ಲ ಸಾರ್.
ಹಾಗಾದರೆ ಕದ್ದದ್ದೇ?
ಕೊಟ್ಟದ್ದು.
ಯಾರು?
ಬಹಳ ಮಂದಿ. ಗುರುತಿಲ್ಲ.
'ಪಟ್ಟಿಯಲ್ಲಿ ಈ ಬೆಂಚೂ ಇಲ್ಲವಲ್ಲ' ಎಂದರು ಕೂಸಪ್ಪ, ಕೂತಲ್ಲಿಂದಲೇ.
ಆಡಿಟರಿಗೆ ಹಿಡಿಸಲಿಲ್ಲ.
ಆಕ್ಷೇಪಣೆ ಮೂರು ಎಂದು ಬರೆದು, ಕಾಫಿ ಕುಡಿದು ಹೋದರು.

ಈ ಮಾರ್ಚಿಯ ಒಂದು ರಾತ್ರಿ ಹೂಮಳೆ ಬಿತ್ತು.
ಕರೆಂಟು ಹೋಯಿತು; ಆಟೋದ ಹಳೆ ಬ್ಯಾಟರಿ
ಬೆಳಗಿನವರೆಗೆ ಹೊತ್ತು ನಿಂತಿತು.
ಐದಕ್ಕೇ ಕೂಸಪ್ಪ ಟಾರ್ಚ್ ಹಿಡಿದು ಅಳತೆ ನೋಡಿ ಫೋನಿನಲ್ಲಿ ಹೇಳಿದರು,
ನಾನು ಹಾಸಿಗೆಯಲ್ಲೇ ಕೂತು ಏರಿಸಿದೆ.
ಆರರೊಳಗೆ ಅರವತ್ತೊಂದು ಮಂದಿ ಕೇಳಿದ್ದರು.
ಮಾಲ್ದಾರೆಯವರೋ, ನೆಲ್ಯಹುದಿಕೇರಿಯವರೋ,
ತೋಟದ ಧಣಿಯೋ, ಲೈನ್‌ಮನೆಯವಳೋ,
ದಾಖಲೆಯಲ್ಲಿ ಬರೀ ನಂಬರು.
ಎಲ್ಲರಿಗೂ ಒಂದೇ ಉತ್ತರ ಹೋಗಿದೆ:
ಒಂದು ಇಂಚು ಹತ್ತು ಸೆಂಟು.

ಎದ್ದು ಎಷ್ಟು ದಿನವಾಯಿತು ಎಂದು ಕೇಳಿದೆ ಯಂತ್ರವನ್ನು.
ಇನ್ನೂರ ಹನ್ನೆರಡು ಎಂದಿತು, ಮತ್ತೆ ಗೆರೆ ಮಿಟುಕಿಸಿತು.

ಸಂಜೆ ಶಟರ್ ಎಳೆಯುವ ಮೊದಲು
ಅದರ ಬೆನ್ನಿಗೆ ಅಂಗೈ ಇಟ್ಟು ನೋಡುತ್ತೇನೆ, ಬೆಚ್ಚಗೆ.
ಹಲ್ಲಿ ಮರಳಿದೆ. ಒಳಗಲ್ಲ, ಪೆಟ್ಟಿಗೆಯ ಮೇಲೆ.
ಆಕ್ಷೇಪಣೆ ಮೂರಕ್ಕೆ ಉತ್ತರ ಬರೆಯುತ್ತಿದ್ದೆ,
ಖರೀದಿ ಬೆಲೆ: ಸೊನ್ನೆ;
ಲೊಚಗುಟ್ಟಿತು.