ಹನ್ನೊಂದು ನಿಮಿಷ

ಚಿಕ್ಕಮ್ಮ ಎಡೆಲ್ಮೀರಾ ಮೊದಲು ಬರೆದದ್ದು ಹದಿನೇಳು ಪುಟ.
ಮೀನುಗಾರರ ಸಂಘ ಕೊಟ್ಟದ್ದು ಹನ್ನೊಂದು ನಿಮಿಷ,
ಡೀಸೆಲ್ ಬೆಲೆಯ ಜಗಳಕ್ಕೂ ಚಹಾಕ್ಕೂ ನಡುವೆ.
ಚಿಲೊಯೆ ದ್ವೀಪದ ತುದಿಯ ಆ ಅಡುಗೆಮನೆಯಲ್ಲಿ
ಗಡಿಯಾರ ಹಿಡಿದು ಕೂತವಳು ನಾನು.

ಮೊದಲ ಸಲ ಓದಿದಾಗ ಮೂವತ್ತೆಂಟು ನಿಮಿಷ.
ಒಲೆಯ ಮೇಲಿನ ಆಲೂಗಡ್ಡೆ ಬೆಂದು, ಒಡೆದು, ತಳ ಹಿಡಿಯಿತು.
"ಎಲ್ಲಿ ಬೇಜಾರಾಯ್ತು?" ಅಂದಳು.
ಪಾಚಿಯ ಲ್ಯಾಟಿನ್ ಹೆಸರು ಬಂದಲ್ಲಿ, ಅಂದೆ.
ಆ ಹೆಸರು ನಾಲಿಗೆಗೆ ಹತ್ತಲು ವಾರ ಹಿಡಿದಿತ್ತು.
ಪೆನ್ಸಿಲಿನಲ್ಲಿ ಹೊಡೆದು ಹಾಕುವಾಗ ಅವಳದು
ಸಾಕಿದ ಬೆಕ್ಕಿನಮರಿಯನ್ನು ಬೇರೆಯವರ ಕೈಗಿಡುವ ಮುಖ.

ಮರುದಿನ ಇಪ್ಪತ್ತಾರು. ಕೋಳಿಗಳ ಮುಂದೆ ಇಪ್ಪತ್ತು.
ಕೋಳಿಗಳು ನಡುವೆಯೇ ಎದ್ದು ಹೋದವು,
ಒಳ್ಳೆಯ ಸಭಿಕರು, ಮರ್ಯಾದೆಗೆಂದು ಕೂರುವವರಲ್ಲ.

ಪಕ್ಕದ ಮನೆಯ ಹೆರಾಲ್ಡೋ ಬಂದು ಬುದ್ಧಿ ಹೇಳಿದ:
ನಗಿಸಿ ಶುರು ಮಾಡು, ಕೈ ಆಡಿಸು,
ಎದುರು ಗೋಡೆಯ ಒಂದು ಮೊಳೆ ಆರಿಸಿ ಅದನ್ನೇ ನೋಡು.
ಒಂದು ಸಂಜೆಯಿಡೀ ಮೊಳೆಗೆ ಭಾಷಣ ಮಾಡಿದಳು.
"ಮೊಳೆಗೆ ಚಿಪ್ಪು ತಿನ್ನುವ ಚಟವಿಲ್ಲ," ಎಂದು ನಿಲ್ಲಿಸಿದಳು.

ಆಮೇಲೆ ಬರೆದಳು, ಯಾರು ಯಾರು ಬರುತ್ತಾರೆಂದು.
ಮುಳುಗುಗಾರ ನಿಬಾಲ್ದೋ. ಮಂಡಿನೋವಿನ ಓತಿಲಿಯಾ.
ಕಿವಿ ಮಂದವಾದ, ಹಠ ಮಂದವಾಗದ ಬಾಲ್ದೊಮೇರೋ ತಾತ.
ಏಪ್ರಿಲ್ಲಿನಲ್ಲಿ ಗಂಡನನ್ನು ಕಳೆದುಕೊಂಡ ಸೆಲ್ಮಿರಾ.
ಅವನ ಕತೆಯಿಂದಲೇ ಶುರು ಮಾಡಬಾರದೇ, ಎಂದೆ.
"ಅವಳ ದುಃಖ ನನ್ನ ಉದಾಹರಣೆಯಲ್ಲ," ಅಂದಳು.
ಹೆಸರುಗಳ ಒಂದು ಬದಿಗೆ: ಇವರಿಗೆ ಗೊತ್ತಿರುವುದು.
ಇನ್ನೊಂದು ಬದಿಗೆ: ಗೊತ್ತು ಎಂದುಕೊಂಡಿರುವುದು.
ಎರಡನೆಯದೇ ಉದ್ದವಾಯಿತು.
ನಿಂಬೆ ಹಿಂಡಿದರೆ ವಿಷ ಸಾಯುತ್ತದೆ.
ಕುದಿಸಿದರೆ ಹೋಗುತ್ತದೆ. ವೈನ್ ಕುಡಿದರೆ ಹೋಗುತ್ತದೆ.
ಬೆಳ್ಳಿ ಚಮಚ ಕಪ್ಪಾಗಿ ಹೇಳಿಬಿಡುತ್ತದೆ.
ಹೆಸರೇ ಕೆಂಪು ಉಬ್ಬರ, ನೀರು ಕೆಂಪಾದರಷ್ಟೇ ಭಯ.
ಹದಿನೇಳು ಪುಟ ಅಲ್ಲಿಗೆ ಒಂದು ಪುಟವಾಯಿತು.

ಸಂಘದ ಕೊಠಡಿಯಲ್ಲಿ ಒದ್ದೆ ಉಣ್ಣೆಯ ವಾಸನೆ.
ಕಾಗದ ನಡುಗಿತು. ನಡುಗಿದ್ದು ಕೈ ಎಂದು
ಮುಂದಿನ ಸಾಲಿಗೆ ತಿಳಿಯುವ ಮೊದಲೇ ಮಡಚಿ ಇಟ್ಟಳು.
ಕೋಟಿನ ಜೇಬಿನಿಂದ ಎರಡು ಕಪ್ಪೆಚಿಪ್ಪು ತೆಗೆದು ಮೇಜಿನ ಮೇಲಿಟ್ಟಳು.
"ಯಾವುದರಲ್ಲಿದೆ ವಿಷ?"

ಬಾಲ್ದೊಮೇರೋ ತಾತ ಎದ್ದು ಬಂದ.
ಮೂಸಿದ. ಉಗುರಿನಿಂದ ತಟ್ಟಿ ಸದ್ದು ಕೇಳಿದ,
ಆ ಕಿವಿಗೆ ಏನು ಕೇಳಿತೋ.
ಎಪ್ಪತ್ತು ವರ್ಷದ ಕಡಲನ್ನು ಒಂದು ಬೆರಳಿಗೆ ತಂದು
"ಇದು," ಅಂದ.

"ನನಗೆ ಗೊತ್ತಿಲ್ಲ ತಾತ," ಅಂದಳು ಚಿಕ್ಕಮ್ಮ.
"ನೋಡಿ ಹೇಳಲು ನನಗೂ ಬರುವುದಿಲ್ಲ, ನಿಮಗೂ.
ಅಷ್ಟು ಹೇಳಲಿಕ್ಕೇ ಬಂದೆ."

ಆಮೇಲಿನದೆಲ್ಲ ಸಣ್ಣ ವಾಕ್ಯ.
ಬೆಂಕಿಗೆ ಅದು ಹೆದರುವುದಿಲ್ಲ. ಹುಳಿಗೂ ಇಲ್ಲ.
ಪ್ರಯೋಗಾಲಯದ ಚೀಟಿ ಧಕ್ಕೆಯ ಹಲಗೆಯಲ್ಲಿರುತ್ತದೆ,
ದಿನಾಂಕ ನೋಡಿ, ಹಳೆಯ ಚೀಟಿ ಚೀಟಿಯಲ್ಲ.
ಮೊದಲು ತುಟಿ ಜುಮ್ಮೆನ್ನುತ್ತದೆ. ಆಮೇಲೆ ಬೆರಳು. ಆಮೇಲೆ

"ಅವನು ನಗುತ್ತಿದ್ದ," ಎಂಬ ದನಿ ಹಿಂದಿನಿಂದ.
ಸೆಲ್ಮಿರಾ ನಿಂತಿದ್ದಳು, ಕೈಚೀಲ ಎದೆಗೊತ್ತಿಕೊಂಡು.
"ತುಟಿ ಮರಗಟ್ಟಿದೆ, ಇವತ್ತು ಮುತ್ತಿಲ್ಲ ನಿನಗೆ, ಅಂದ.
ನಾನೂ ನಕ್ಕೆ. ದೋಣಿ ಕರೆಯಬೇಕಿತ್ತು, ನಕ್ಕೆ."

ಕೊನೆಗೆ ಹೇಳಲೆಂದು ಕಟ್ಟಿಟ್ಟ ಮಾತೊಂದಿತ್ತು,
ಮೂರು ರಾತ್ರಿ ತಿದ್ದಿದ್ದು, ನನಗೆ ಬಾಯಿಪಾಠ.
ಚಿಕ್ಕಮ್ಮ ಹೇಳಲಿಲ್ಲ.
ಮೇಜು ಸುತ್ತಿ ಹೋಗಿ ಸೆಲ್ಮಿರಾಳ ಪಕ್ಕದ ಬೆಂಚಿನಲ್ಲಿ ಕೂತಳು.
ಎಷ್ಟು ನಿಮಿಷವಾಯಿತೋ, ನಾನು ಗಡಿಯಾರ ನೋಡಿರಲಿಲ್ಲ.

ಚಹಾ ಬಂದಾಗ ಓತಿಲಿಯಾ ಕೇಳಿದಳು: "ಏಡಿಯ ಗತಿಯೇನು?"
"ಗೊತ್ತಿಲ್ಲ. ಕೇಳಿ ಹೇಳುತ್ತೇನೆ."
ಯಾರೋ ಮತ್ತೆ ಡೀಸೆಲ್ ಮಾತೆತ್ತಿದರು.

ರಾತ್ರಿ ಆ ಎರಡೂ ಚಿಪ್ಪನ್ನು
ಕೋಳಿ ಕೆದಕಲಾರದಷ್ಟು ಆಳಕ್ಕೆ ಹೂತು ಬಂದಳು.
ಒಲೆಗೆಂದು ಇಟ್ಟ ಹದಿನೇಳು ಪುಟಗಳಲ್ಲಿ ಒಂದನ್ನೆಳೆದು,
ಬೆನ್ನು ಬದಿಯ ಖಾಲಿಯಲ್ಲಿ
ದಪ್ಪಕ್ಷರದಲ್ಲಿ ಬರೆದಳು: ಏಡಿ.